ಸರ್ವರ್ ಇಲ್ಲವೆಂಬ ಮಾತು

ಇಂಗ್ಲಿಷಿನ ಎಷ್ಟೋ ಶಬ್ದಗಳು ನಮ್ಮ ಹಳ್ಳಿಗಳಿಗೆ ಬಂದು ನೆಲೆಸಿವೆ. ಬಸ್ಸು, ಸ್ಟೇಶನ್ನು, ಕೋರ್ಟು, ಕಾಲೇಜು ಇವೆಲ್ಲ ಈಗ ನಮ್ಮವೇ ಆಗಿವೆ. ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಬಂದು ಅವುಗಳಷ್ಟೇ ಆಳವಾಗಿ ಬೇರೂರಿದ ಶಬ್ದ ಇನ್ನೊಂದಿದೆ. ಅದು ‘ಸರ್ವರ್’. ಅಕ್ಷರ ಬಾರದ ಮುದುಕಿಯೂ ಅದನ್ನು ಬಲ್ಲಳು. ಬೆರಳಿನ ಗುರುತು ಕೊಟ್ಟು ಅಕ್ಕಿ ಒಯ್ಯಬೇಕೆಂದು ರೇಶನ್ ಅಂಗಡಿಯ ಕಟ್ಟೆಯ ಮೇಲೆ ಕುಳಿತವಳನ್ನು ಕೇಳಿ ನೋಡಿರಿ. “ಸರ್ವರ್ ಇಲ್ಲಂತ ತಮ್ಮಾ, ಬಂದ್ರ ಕೊಡ್ತಾರಂತ” ಎನ್ನುವಳು. ಮಳೆ ಬಂದರೆ ಬಿತ್ತೋಣ ಎಂದು ಹೇಳುವ ಧ್ವನಿಯಲ್ಲಿಯೇ ಈ ಮಾತನ್ನೂ ಹೇಳುವಳು.

ಆ ಧ್ವನಿಯ ಮೇಲೆ ನನ್ನ ಆಕ್ಷೇಪವಿದೆ. ಮಳೆ ಯಾರ ಕೈಯೊಳಗಿನದೂ ಅಲ್ಲ. ಸರ್ವರ್ ಮನುಷ್ಯನ ಕೈಯೊಳಗಿನದು. ಅದು ಬೀಳುವದಕ್ಕೆ ಕಾರಣಗಳುಂಟು, ಬೀಳದಂತೆ ನೋಡಿಕೊಳ್ಳುವದಕ್ಕೆ ಉಪಾಯಗಳುಂಟು, ಆ ಉಪಾಯಗಳು ಈಗ ಯಾವ ಗುಟ್ಟಿನ ವಿದ್ಯೆಯೂ ಅಲ್ಲ. ಹೀಗಿದ್ದೂ ನಾವು ಅದನ್ನು ದೈವವೆಂದು ಭಾವಿಸಿ ಕೈಕಟ್ಟಿ ಕುಳಿತರೆ, ಹೊಣೆ ಹೊರಬೇಕಾದವರು ಮೆಲ್ಲನೆ ಹೊಣೆಯಿಂದ ಜಾರಿಕೊಳ್ಳುತ್ತಾರೆ. ಇತಿಹಾಸ, ಅರ್ಥಶಾಸ್ತ್ರ ಓದುವ ಬಿ. ಎ. ವಿದ್ಯಾರ್ಥಿಗೆ ಈ ಯಂತ್ರದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಎರಡು ವರ್ಷಗಳಿಂದ ನಾನು ಸಾಯಂಕಾಲದ ಹೊತ್ತು ಮೂಡಲಗಿಯ ಒಂದು ಸೇವಾ ಕೇಂದ್ರದಲ್ಲಿ ಕುಳಿತು ಜನರ ಅರ್ಜಿಗಳನ್ನು ತುಂಬುತ್ತೇನೆ. “ಸರ್ವರ್ ಇಲ್ಲರೀ ಯಕ್ಕಾ, ನಾಳೆ ಬರ್ರಿ” ಎಂದು ಹೇಳುವ ಬಾಯಿ ನನ್ನದೇ. ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿದುಕೊಳ್ಳುವ ಹಂಬಲ ನನಗೆ ಹುಟ್ಟಿದ್ದು ಸಹಜವೇ.

ಸರ್ವರ್ ಎಂದರೆ, ನಾವು ಕೇಳಿದ ಕಾಗದವನ್ನು ಹುಡುಕಿ ಕೊಡುವ, ನಾವು ಕೊಟ್ಟ ಅರ್ಜಿಯನ್ನು ದಫ್ತರಕ್ಕೆ ಏರಿಸುವ ಒಂದು ಗಣಕಯಂತ್ರ. ಕಚೇರಿಯ ಕಾರಕೂನನ ಜಾಗದಲ್ಲಿ ಅದು ಕುಳಿತಿದೆ. ‘ಇಲ್ಲ’ ಎಂಬ ನಮ್ಮ ಮಾತು ಮೂರು ಬೇರೆ ಬೇರೆ ಸಂಗತಿಗಳಿಗೆ ಒಂದೇ ಹೆಸರು. ಹಾದಿಯಲ್ಲಿ ತಂತಿ ಕಡಿದಿರಬಹುದು ಅಥವಾ ಟಾವರಿನ ವಿದ್ಯುತ್ತು ಹೋಗಿರಬಹುದು, ಇದು ಒಂದು. ಆ ಯಂತ್ರವೇ ಕೆಟ್ಟು ಬಿದ್ದಿರಬಹುದು, ಇದು ಎರಡು. ಯಂತ್ರ ಸರಿಯಾಗಿಯೇ ಇದ್ದು, ಅದರ ಮುಂದಿನ ಗರ್ದಿ ಅದರ ಶಕ್ತಿಯನ್ನು ಮೀರಿರಬಹುದು, ಇದು ಮೂರು. ಒಂದನೆಯದಕ್ಕೆ ನಮ್ಮ ಕಡೆಯ ವೈಯರ್‌ಮನ್ ಬೇಕು. ಎರಡು ಮತ್ತು ಮೂರನೆಯದಕ್ಕೆ ಮದ್ದು ಒಂದೇ. ಅದಕ್ಕೆ ಲೋಡ್ ಬ್ಯಾಲೆನ್ಸರ್ ಎನ್ನುತ್ತಾರೆ.

ಒಬ್ಬ ಕಾರಕೂನನಿಂದ ಸಾಗದ ಕೆಲಸಕ್ಕೆ ನಾಲ್ವರನ್ನು ಕೂಡ್ರಿಸಿದೆವೆನ್ನಿ. ಆಗ ಬಂದವರಲ್ಲಿ ಯಾರು ಯಾರ ಮೇಜಿಗೆ ಹೋಗಬೇಕೆಂದು ಬಾಗಿಲಲ್ಲಿ ನಿಂತು ಹೇಳುವವನೊಬ್ಬ ಬೇಕಾಗುತ್ತಾನೆ. ಆ ಬಾಗಿಲಿನವನೇ ಲೋಡ್ ಬ್ಯಾಲೆನ್ಸರ್. ನಾನು ಅವನನ್ನು ಹೊರೆ ಹಂಚುವವ ಎಂದು ಕರೆಯುತ್ತೇನೆ. ಹೊರಗಿನವರಿಗೆ ಗೊತ್ತಿರುವದು ಅವನ ವಿಳಾಸ ಒಂದೇ. ಒಳಗೆ ನಾಲ್ಕು ಯಂತ್ರಗಳಿವೆಯೋ ನಾನೂರಿವೆಯೋ ನಮಗೆ ತಿಳಿಯುವದಿಲ್ಲ, ತಿಳಿಯಬೇಕಾದದ್ದೂ ಇಲ್ಲ.

ಅವನು ಹಂಚುವ ರೀತಿಗಳಲ್ಲಿ ಎಲ್ಲಕ್ಕೂ ಸರಳವಾದದ್ದಕ್ಕೆ ನಮ್ಮ ಭಾಷೆಯಲ್ಲಿ ಮೊದಲೇ ಹೆಸರಿದೆ: ಪಾಳಿ. ಮೊದಲು ಬಂದವನು ಒಂದನೆಯ ಯಂತ್ರಕ್ಕೆ, ಎರಡನೆಯವನು ಎರಡನೆಯದಕ್ಕೆ, ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ. ಘಟಪ್ರಭಾ ಕಾಲುವೆಯ ನೀರಿಗೆ ಪಾಳಿ ಹಚ್ಚಿ ರಾತ್ರಿಯೆಲ್ಲ ಹೊಲದಲ್ಲಿ ನಿಂತವರ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಯಂತ್ರಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ ದೊಡ್ಡದಕ್ಕೆ ಎರಡು ಪಾಳಿ, ಚಿಕ್ಕದಕ್ಕೆ ಒಂದು ಎಂದು ತೂಕ ಕಟ್ಟಬಹುದು. ಇನ್ನೊಂದು ರೀತಿಯಲ್ಲಿ, ಯಾವ ಯಂತ್ರದ ಮುಂದೆ ಈ ಕ್ಷಣ ಕಡಿಮೆ ಜನರಿದ್ದಾರೆಂದು ನೋಡಿ ಅಲ್ಲಿಗೆ ಕಳಿಸುತ್ತಾರೆ. ಒಬ್ಬನ ಕೆಲಸ ಒಂದು ನಿಮಿಷದ್ದು, ಇನ್ನೊಬ್ಬನದು ಹತ್ತು ನಿಮಿಷದ್ದು ಇರುವಲ್ಲಿ ಪಾಳಿಗಿಂತ ಇದೇ ಲೇಸು.

ಮೂರನೆಯ ಒಂದು ರೀತಿಯನ್ನು ಮಾತ್ರ ನಮ್ಮ ಊರಿನವರು ಸಂಶಯದಿಂದ ನೋಡಬೇಕು. ಅದು ಬಂದವನ ವಿಳಾಸ ನೋಡಿ ಹಂಚುವ ರೀತಿ. ಒಂದು ವಿಳಾಸದಿಂದ ಬಂದವರೆಲ್ಲ ಯಾವಾಗಲೂ ಒಂದೇ ಯಂತ್ರಕ್ಕೆ ಹೋಗುತ್ತಾರೆ. ಪಟ್ಟಣದ ಮನೆಮನೆಗೂ ಬೇರೆ ಬೇರೆ ವಿಳಾಸವಿರುವಲ್ಲಿ ಇದು ನಡೆದೀತು. ಆದರೆ ಮೊಬೈಲ್ ಕಂಪನಿಗಳು ಸಾವಿರಾರು ಗಿರಾಕಿಗಳನ್ನು ಒಂದೇ ಹೊರಗಿನ ವಿಳಾಸದ ಹಿಂದೆ ಇಡುವದುಂಟು. ನಾಗನೂರಿನವನೂ ಹಳ್ಳೂರಿನವನೂ ಯಾದವಾಡದವನೂ ಆ ಯಂತ್ರದ ಕಣ್ಣಿಗೆ ಒಬ್ಬನೇ ಆಗಿ ಕಂಡಾರು. ಆಗ ಒಂದು ಯಂತ್ರದ ಮೇಲೆ ಒಂದು ತಾಲೂಕೇ ಬಂದು ಬೀಳುತ್ತದೆ. ಪಕ್ಕದ ಯಂತ್ರ ಖಾಲಿ ಕುಳಿತಿರುತ್ತದೆ. ಅಷ್ಟೇ ಅಲ್ಲ, ‘ಒಂದು ವಿಳಾಸದಿಂದ ನಿಮಿಷಕ್ಕೆ ಇಂತಿಷ್ಟೇ’ ಎಂದು ಮಿತಿ ಹಾಕಿದಲ್ಲಿ, ನಲವತ್ತು ಜನರ ಅರ್ಜಿ ತುಂಬುವ ನಮ್ಮ ಸೇವಾ ಕೇಂದ್ರವು ಕಳ್ಳನಂತೆ ಕಾಣುತ್ತದೆ. ಈ ನಿಯಮಗಳನ್ನು ಬರೆಯುವವರು ಕೆಟ್ಟವರೆಂದು ನಾನು ಹೇಳುವದಿಲ್ಲ. ಅವರು ಒಂದು ಮನೆಗೆ ಒಂದು ತಂತಿ ಇರುವ ಊರಲ್ಲಿ ಕುಳಿತು ಬರೆದಿರುತ್ತಾರೆ, ಅಷ್ಟೆ.

ಕೇಳಿದ್ದನ್ನು ಕಣ್ಣಾರೆ ನೋಡಬೇಕೆಂದು ನಾನು ಕಳೆದ ದೀಪಾವಳಿಯ ಸೂಟಿಯಲ್ಲಿ ಕೇಂದ್ರದ ಮಾಲಕರ ಒಪ್ಪಿಗೆ ಪಡೆದು ಮೂರು ಹಳೆಯ ಗಣಕಗಳನ್ನು ಜೋಡಿಸಿದೆನು. ಎಚ್‌ಎಪ್ರಾಕ್ಸಿ ಎಂಬ ತಂತ್ರಾಂಶವೊಂದಿದೆ. ಫ್ರಾನ್ಸ್ ದೇಶದ ವಿಲ್ಲಿ ತಾರೋ ಎಂಬವನು 2001ರಲ್ಲಿ ಅದನ್ನು ಹೊರತಂದು ಜಗತ್ತಿಗೆಲ್ಲ ಬಿಟ್ಟಿ ಕೊಟ್ಟನು. ದೊಡ್ಡ ದೊಡ್ಡ ಕಂಪನಿಗಳೂ ಇಂದಿಗೂ ಅದನ್ನು ಉಪಯೋಗಿಸುತ್ತವೆ. ಒಂದು ಗಣಕದಲ್ಲಿ ಅದನ್ನು ಕೂಡ್ರಿಸಿ, ಉಳಿದೆರಡರಲ್ಲಿ ಒಂದೇ ಪುಟವನ್ನು ಒಂದರಲ್ಲಿ ಕೆಂಪು ಅಕ್ಷರದಲ್ಲಿ, ಇನ್ನೊಂದರಲ್ಲಿ ನೀಲಿ ಅಕ್ಷರದಲ್ಲಿ ಇಟ್ಟೆನು. ನನ್ನ ಮೊಬೈಲಿನಿಂದ ತೆರೆದಾಗ ಕೆಂಪು ಬಂದಿತು, ಮತ್ತೆ ತೆರೆದಾಗ ನೀಲಿ, ಮತ್ತೆ ಕೆಂಪು. ಪಾಳಿ ನಡೆದಿತ್ತು. ಆ ಮೇಲೆ ಕೆಂಪು ಯಂತ್ರದ ತಂತಿಯನ್ನು ಕಿತ್ತೆನು. ಹೊರೆ ಹಂಚುವವನು ಎರಡೆರಡು ಸೆಕೆಂಡಿಗೊಮ್ಮೆ ಪ್ರತಿ ಯಂತ್ರವನ್ನು “ಇದ್ದೀಯಾ?” ಎಂದು ಕೂಗಿ ಕೇಳುವಂತೆಯೂ, ಮೂರು ಸಲ ಓಗೊಡದಿದ್ದರೆ ಅದನ್ನು ಪಾಳಿಯಿಂದ ತೆಗೆಯುವಂತೆಯೂ ಅದರ ಮೂಲ ಕಟ್ಟಳೆ ಇದೆ. ಆರು ಸೆಕೆಂಡು ತುಸು ತಡಬಡಿಸಿ ಮುಂದೆ ಬರೀ ನೀಲಿಯೇ ಬರತೊಡಗಿತು. ನೋಡುವವನಿಗೆ ಒಂದು ಯಂತ್ರ ಸತ್ತದ್ದೇ ತಿಳಿಯಲಿಲ್ಲ. ತಂತಿ ಮರಳಿ ಜೋಡಿಸಿದಾಗ ಎರಡು ಸಲ ಸರಿಯಾಗಿ ಓಗೊಟ್ಟ ಮೇಲೆ ಕೆಂಪು ತಾನಾಗಿ ಪಾಳಿಗೆ ಬಂದಿತು.

ಇಷ್ಟು ಸುಲಭವೇ ಎಂದು ಯಾರಾದರೂ ಹಿಗ್ಗಬಹುದು. ಆದುದರಿಂದ ಮುಂದಿನ ಪರೀಕ್ಷೆಯನ್ನೂ ಹೇಳಬೇಕು. ತಂತಿ ಕೀಳದೆ, ಕೆಂಪು ಯಂತ್ರವು ತನ್ನ ದಫ್ತರವನ್ನು, ಅಂದರೆ ಡೇಟಾಬೇಸನ್ನು, ಓದಲಾರದಂತೆ ಮಾಡಿದೆನು. ಈಗ ಅದು ಎದ್ದು ಕುಳಿತಿದೆ, ಆದರೆ ಕೆಲಸ ಮಾಡಲಾರದು. ಹೊರೆ ಹಂಚುವವನು “ಇದ್ದೀಯಾ?” ಎಂದರೆ “ಇದ್ದೇನೆ” ಎನ್ನುತ್ತದೆ. ಜನರು ಪಾಳಿಯಂತೆ ಅದರ ಮುಂದೆ ಹೋಗುತ್ತಾರೆ, ಬರಿಗೈಯಲ್ಲಿ ಮರಳುತ್ತಾರೆ. ಇಬ್ಬರಲ್ಲಿ ಒಬ್ಬನಿಗೆ ತಪ್ಪದೆ ಸೋಲು. ಕೆಲಸಕ್ಕೆ ಬಾರದ ಯಂತ್ರ ಬೇಗನೆ “ಆಗದು” ಎಂದು ಹೇಳಿ ಕಳಿಸುವದರಿಂದ ಅದರ ಮುಂದೆ ಗರ್ದಿಯೇ ಕಾಣುವದಿಲ್ಲ. ಕಡಿಮೆ ಗರ್ದಿ ನೋಡಿ ಹಂಚುವ ಕಟ್ಟಳೆ ಇದ್ದಲ್ಲಿ ಇನ್ನಷ್ಟು ಜನರು ಅದರ ಕಡೆಗೇ ನೂಕಲ್ಪಡುತ್ತಾರೆ! ಹೀಗಾಗಿ “ಇದ್ದೀಯಾ?” ಎಂದು ಕೇಳಿದರೆ ಸಾಲದು, “ದಫ್ತರ ತೆಗೆದು ಒಂದು ಸಾಲು ಓದು, ನೋಡೋಣ” ಎಂದು ಕೇಳಬೇಕು. ಹಾಗೆ ಬದಲಿಸಿದ ಕೂಡಲೆ ಕೆಂಪು ಪಾಳಿಯಿಂದ ಹೊರಬಿದ್ದಿತು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಚಹಾದಂಗಡಿಗೆ ಹೋಗುವವರನ್ನು ಕಂಡಿರುವ ನಮಗೆ ಈ ಭೇದ ಹೊಸದೇನೂ ಅಲ್ಲ.

ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸವನ್ನು ಈಗ ಕ್ಲೌಡಿನ ಮೇಲೆ ಮಾಡುತ್ತಾರೆ. ಕ್ಲೌಡ್ ಎಂದರೆ ಮೋಡ. ಹೆಸರು ಕೇಳಿ ಮೇಲೆ ನೋಡುವ ಕಾರಣವಿಲ್ಲ. ಯಾರದೋ ದೊಡ್ಡ ಕಟ್ಟಡದಲ್ಲಿರುವ ಗಣಕಗಳನ್ನು, ನಾವು ಟ್ರ್ಯಾಕ್ಟರನ್ನು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಹೇಳುವಂತೆ, ಬೇಕಾದಷ್ಟು ಹೊತ್ತು ಬಾಡಿಗೆಗೆ ಪಡೆಯುವ ವ್ಯವಸ್ಥೆ ಅದು. ಅಮೆಝಾನ್ ಕಂಪನಿಯು ತನ್ನ ಕ್ಲೌಡಿನಲ್ಲಿ ಹೊರೆ ಹಂಚುವ ಸೇವೆಯನ್ನು 2009ರ ಮೇ ತಿಂಗಳಲ್ಲಿ ಆರಂಭಿಸಿತು. 2016ರಲ್ಲಿ ಮುಂಬಯಿಯಲ್ಲಿಯೇ ತನ್ನ ಗಣಕ ಕೇಂದ್ರಗಳನ್ನು ತೆರೆಯಿತು. ಬೆಂಗಳೂರಲ್ಲಿ ನೌಕರಿ ಮಾಡುವ ನನ್ನ ಸೋದರಮಾವನ ಮಗನು ಒಮ್ಮೆ ತನ್ನ ಗಣಕದ ಪರದೆಯ ಮೇಲೆ ಇದನ್ನು ನನಗೆ ತೋರಿಸಿದನು. ಯಾವ ಬಾಗಿಲಲ್ಲಿ ಕಿವಿಗೊಡಬೇಕು, ಒಳಗಿನ ಯಂತ್ರಗಳು ಯಾವವು, ಎಷ್ಟು ಸೆಕೆಂಡಿಗೊಮ್ಮೆ ಯೋಗಕ್ಷೇಮ ಕೇಳಬೇಕು, ಬೀಗಮುದ್ರೆಯ ಪ್ರಮಾಣಪತ್ರ ಯಾವದು ಎಂದು ಕೆಲವು ಚೌಕಗಳನ್ನು ತುಂಬಿದರೆ ಮುಗಿಯಿತು, ಅರ್ಧ ತಾಸಿನ ಕೆಲಸ. ಯಂತ್ರಗಳನ್ನೆಲ್ಲ ಒಂದೇ ಕಟ್ಟಡದಲ್ಲಿ ಇಡದೆ ಬೇರೆ ಬೇರೆ ವಿದ್ಯುತ್ತು ಇರುವ ಎರಡು ಮೂರು ಕಡೆ ಇಡಬೇಕೆಂಬದನ್ನೂ ಅವನು ಹೇಳಿದನು. ಯಾಕೆಂದರೆ ಒಂದೇ ಕಂಬಕ್ಕೆ ಕಟ್ಟಿದ ನಾಲ್ಕು ಎತ್ತುಗಳು ಕಂಬ ಬಿದ್ದರೆ ಕೂಡಿಯೇ ಓಡುತ್ತವೆ.

“ಹಚ್ಚೂದು ಅರ್ಧ ತಾಸು, ಕಾಯೂದು ವರ್ಷಾನಗಟ್ಟಲೆ” ಎಂಬದು ಅವನ ಮಾತು. ಪ್ರಮಾಣಪತ್ರದ ಅವಧಿ ತೀರುವ ಮೊದಲು ಬದಲಿಸಬೇಕು. ಒಂದು ಯಂತ್ರವನ್ನು ದುರಸ್ತಿಗೆ ತೆಗೆಯುವಾಗ ಅದರ ಮುಂದೆ ಅರ್ಧ ಅರ್ಜಿ ತುಂಬಿದವರನ್ನು ನಡುವೆ ಕೈಬಿಡದೆ, ಹೊಸಬರನ್ನು ಮಾತ್ರ ತಡೆದು, ಇದ್ದವರ ಕೆಲಸ ಮುಗಿದ ಮೇಲೆ ತೆಗೆಯಬೇಕು. ಎಷ್ಟು ಜನ ಬಂದರು, ಎಷ್ಟು ಜನ ಬರಿಗೈಯಲ್ಲಿ ಹೋದರು ಎಂಬ ಲೆಕ್ಕವನ್ನು ದಿನವೂ ನೋಡಬೇಕು. ಗರ್ದಿ ಹೆಚ್ಚಿದಾಗ ಹೊಸ ಯಂತ್ರಗಳು ತಾವಾಗಿ ಬಾಡಿಗೆಗೆ ಬರುವಂತೆ ಕಟ್ಟಳೆ ಮಾಡಬಹುದು. ಆದರೆ ಹೊಸ ಯಂತ್ರ ಎದ್ದು, ಕಣ್ಣೊರೆಸಿಕೊಂಡು, ಕೆಲಸಕ್ಕೆ ಕೂಡ್ರಲು ಕೆಲವು ನಿಮಿಷಗಳಾದರೂ ಬೇಕು. ಒಮ್ಮೆಲೇ ನುಗ್ಗುವ ಗರ್ದಿಗೆ ಆ ನಿಮಿಷಗಳೇ ಹೆಚ್ಚು. ಆದುದರಿಂದ ತಿಳಿದವರು ಮುಂಚೆಯೇ ಯಂತ್ರಗಳನ್ನು ಎಬ್ಬಿಸಿ ಇಡುತ್ತಾರೆ.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬಂದೆನು. ನಮ್ಮ ಕಚೇರಿಗಳು ಸರ್ವರ್ ಬಿದ್ದಾಗಲೆಲ್ಲ ‘ಅನಿರೀಕ್ಷಿತ ದಟ್ಟಣೆ’ ಎಂಬ ಕಾರಣ ಕೊಡುತ್ತವೆ. ಅನಿರೀಕ್ಷಿತವೆಂದರೇನು? ಕೊನೆಯ ದಿನಾಂಕವನ್ನು ಗೊತ್ತುಪಡಿಸಿದವರು ಅವರೇ, ಅದನ್ನು ಅಚ್ಚು ಹಾಕಿಸಿ ನಮ್ಮ ಕಾಲೇಜಿನ ಫಲಕಕ್ಕೆ ಕಳಿಸಿದವರೂ ಅವರೇ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಯಂದು ಜನ ಸೇರುವದು ಸಾರಿಗೆ ಸಂಸ್ಥೆಗೆ ಅನಿರೀಕ್ಷಿತವೇ? ಪಂಚಾಂಗ ನೋಡಿ ಅದು ಮುಂಚೆಯೇ ಹೆಚ್ಚಿನ ಬಸ್ಸುಗಳನ್ನು ಬಿಡುತ್ತದೆ. ಹುಣ್ಣಿಮೆಯನ್ನು ಸರಿಸುವ ಶಕ್ತಿ ಅದಕ್ಕಿಲ್ಲ. ಕೊನೆಯ ದಿನಾಂಕವನ್ನು ಸರಿಸುವ, ಹರಡುವ ಶಕ್ತಿಯಾದರೋ ಕಚೇರಿಗೆ ಉಂಟು. ಗರ್ದಿಯು ಯಂತ್ರದ ಬಾಗಿಲಿಗೆ ಬರುವ ಮೊದಲೇ ಒಂದು ಕಾಗದದ ಮೇಲೆ ಹುಟ್ಟಿರುತ್ತದೆ. ಹಂಚುವ ಕೆಲಸವು ಆ ಕಾಗದದಿಂದಲೇ ಆರಂಭವಾಗಬೇಕು.

ಗರ್ದಿಯ ಗಣಿತ ಹೊಸದೂ ಅಲ್ಲ. ಟೆಲಿಫೋನು ಬಂದ ಕಾಲದಲ್ಲಿ ಎಷ್ಟು ಜನರಿಗೆ ಎಷ್ಟು ತಂತಿಗಳು ಸಾಕೆಂಬ ಪ್ರಶ್ನೆ ಎದ್ದಿತು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ ಅದರ ಮೇಲೆ ಮೊದಲ ಲೇಖನ ಬರೆದನು. ಟೆಲಿಫೋನಿನ ಹೊರೆಯನ್ನು ಅಳೆಯುವ ಮಾನಕ್ಕೆ ಇಂದೂ ಅವನದೇ ಹೆಸರು. ಆ ದಾರಿಯಲ್ಲಿ ಬೆಳೆದ ಶಾಸ್ತ್ರದ ಒಂದು ಸಾದಾ ಲೆಕ್ಕವನ್ನು ನಮ್ಮ ಅರ್ಥಶಾಸ್ತ್ರದ ಗೆಳೆಯರು ಗಮನಿಸಲಿ. ಒಂದೇ ಕಿಡಕಿ ಇದೆ, ಸರಾಸರಿ ಒಬ್ಬನಿಗೆ 5 ನಿಮಿಷ ಬೇಕು, ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ ಎಂದು ಹಿಡಿಯಿರಿ. ಕಿಡಕಿಯು ತನ್ನ ವೇಳೆಯ ಅರ್ಧದಷ್ಟು ಕೆಲಸದಲ್ಲಿದ್ದರೆ ಒಬ್ಬನು ಪಾಳಿಯಲ್ಲಿ ಕಾಯುವದು ಸರಾಸರಿ 5 ನಿಮಿಷ. ನೂರಕ್ಕೆ 80ರಷ್ಟು ಕೆಲಸವಿದ್ದರೆ 20 ನಿಮಿಷ. 90 ಆದರೆ 45 ನಿಮಿಷ. 95 ಆದರೆ 95 ನಿಮಿಷ. ನೂರು ಮುಟ್ಟಿದರೆ ಪಾಳಿಗೆ ಕೊನೆಯೇ ಇಲ್ಲ. ಕೆಲಸ ಸ್ವಲ್ಪವೇ ಹೆಚ್ಚಿದಂತೆ ಕಾಣುತ್ತದೆ, ಕಾಯುವದು ಇಮ್ಮಡಿಯಾಗುತ್ತದೆ. ‘ನಮ್ಮ ಯಂತ್ರ ಒಂದು ಕ್ಷಣವೂ ಖಾಲಿ ಕೂಡ್ರುವದಿಲ್ಲ’ ಎಂದು ಹೆಮ್ಮೆಪಡುವ ಕಚೇರಿಯು ತನ್ನ ಮುಂದಿನ ಜನರನ್ನು ಎಷ್ಟು ಹೊತ್ತು ನಿಲ್ಲಿಸುತ್ತಿದೆ ಎಂಬದನ್ನು ಈ ಲೆಕ್ಕ ಹೇಳುತ್ತದೆ.

ಇದರ ಮೇಲೆ ಇನ್ನೊಂದು ತೊಡಕು. ಪುಟ ತೆರೆಯದಿದ್ದಾಗ ನಾವು ಸುಮ್ಮನೆ ಕೂಡ್ರುವದಿಲ್ಲ. ಮತ್ತೆ ಒತ್ತುತ್ತೇವೆ, ಮೂರು ಮೊಬೈಲುಗಳಿಂದ ಒತ್ತುತ್ತೇವೆ. ಒಬ್ಬ ಮನುಷ್ಯ ಹತ್ತು ಮನುಷ್ಯರಾಗುತ್ತಾನೆ. ಕೋವಿಡ್ ಲಸಿಕೆಗಾಗಿ 18 ವರ್ಷ ಮೇಲ್ಪಟ್ಟವರ ನೋಂದಣಿಯನ್ನು 2021ರ ಏಪ್ರಿಲ್ 28ರಂದು ಸಾಯಂಕಾಲ 4 ಗಂಟೆಗೆ ದೇಶಕ್ಕೆಲ್ಲ ಒಮ್ಮೆಲೇ ತೆರೆದರು. ಮೊದಲಿಗೆ ಜಾಲತಾಣ ತತ್ತರಿಸಿತು, ಬಳಿಕ ಚೇತರಿಸಿಕೊಂಡು ಆ ದಿನವೇ ಒಂದು ಕೋಟಿಗೂ ಮೀರಿ ಜನರನ್ನು ಬರೆದುಕೊಂಡಿತು. ಸಿರಿವಂತ ಅಮೇರಿಕೆಗೂ ಇದು ತಪ್ಪಿಲ್ಲ. ಅಲ್ಲಿಯ ಸರಕಾರ ಆರೋಗ್ಯ ವಿಮೆಗಾಗಿ 2013ರ ಅಕ್ಟೋಬರ್ 1ರಂದು ತೆರೆದ ಜಾಲತಾಣದಲ್ಲಿ ಮೊದಲ ದಿನ ಕೊನೆ ಮುಟ್ಟಿದವರು ಕೇವಲ 6 ಜನ. ಆದರೆ ಈ ಎರಡೂ ಕಡೆ ಕೆಲಸವೇ ಹೊಸದಾಗಿತ್ತು. ವರ್ಷವೂ ಬರುವ ವಿದ್ಯಾರ್ಥಿವೇತನಕ್ಕೆ, ವರ್ಷವೂ ಬರುವ ಪ್ರವೇಶಕ್ಕೆ ಆ ಕ್ಷಮೆ ಸಲ್ಲದು.

ಯಂತ್ರ ಹೆಚ್ಚಿಸಿದರೆ ಎಲ್ಲ ಸರಿಹೋಗುವದೆಂದು ನಂಬುವವರಿಗೂ ಒಂದು ಮಾತು. ಹತ್ತನೆಯ ತರಗತಿಯ ಫಲಿತಾಂಶವನ್ನು ನಮ್ಮ ರಾಜ್ಯದಲ್ಲಿ ವರ್ಷವೂ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ನೋಡುತ್ತಾರೆ. ಅದು ಓದುವ ಕೆಲಸ. ಒಂದು ಯಾದಿಯನ್ನು ಹತ್ತು ಪ್ರತಿ ಮಾಡಿ ಹತ್ತು ಗೋಡೆಗಳಿಗೆ ಅಂಟಿಸಿದಂತೆ ಹತ್ತು ಯಂತ್ರಗಳಲ್ಲಿ ಇಟ್ಟರೆ ಗರ್ದಿ ಹತ್ತು ಪಾಲಾಗುತ್ತದೆ. ಅರ್ಜಿ ತುಂಬುವದು ಹಾಗಲ್ಲ, ಅದು ಬರೆಯುವ ಕೆಲಸ. ಹತ್ತು ಕಾರಕೂನರು ಕುಳಿತರೂ ಬರೆಯಬೇಕಾದ ದಫ್ತರ ಒಂದೇ. ಇಬ್ಬರು ಒಂದೇ ಸೀಟನ್ನು ಪಡೆಯಬಾರದು, ಒಬ್ಬನ ಹೆಸರು ಎರಡು ಸಲ ಏರಬಾರದು. ಆದಕಾರಣ ಹತ್ತು ಕೈಗಳೂ ಆ ಒಂದು ಪುಸ್ತಕಕ್ಕೆ ಕಾಯುತ್ತವೆ. ಬಾಗಿಲಲ್ಲಿ ಎಂಥ ಜಾಣ ಹಂಚುವವನು ನಿಂತಿದ್ದರೂ ಆ ಪುಸ್ತಕವನ್ನು ಅವನು ಹಿಗ್ಗಿಸಲಾರನು. ಇಂಥಲ್ಲಿ ಯಂತ್ರಗಳ ನಡುವೆ ಹಂಚುವದಕ್ಕಿಂತ ಹೊತ್ತಿನ ನಡುವೆ ಹಂಚುವದೇ ಮೇಲು.

ಹೊತ್ತಿನ ನಡುವೆ ಹಂಚಿದ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ರೈಲ್ವೆಯವರ ತತ್ಕಾಲ್ ಟಿಕೀಟಿಗೆ ಎಲ್ಲರೂ ಮುಂಜಾನೆ ಹತ್ತು ಗಂಟೆಗೇ ನುಗ್ಗುತ್ತಿದ್ದರು. 2015ರ ಜೂನ್ ತಿಂಗಳಿನಿಂದ ಹವಾನಿಯಂತ್ರಿತ ಡಬ್ಬಿಗಳಿಗೆ 10 ಗಂಟೆ, ಉಳಿದವಕ್ಕೆ 11 ಗಂಟೆ ಎಂದು ಒಡೆದರು. ಇದಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ. ಒಂದು ಆದೇಶ ಸಾಕಾಯಿತು. ಗೃಹಲಕ್ಷ್ಮಿ ಯೋಜನೆಯ ನೋಂದಣಿ 2023ರ ಜುಲೈ 19ರಂದು ಆರಂಭವಾದಾಗ ನಮ್ಮ ರಾಜ್ಯದವರೂ ಇದೇ ಹಾದಿ ಹಿಡಿದಿದ್ದರು. ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂದು ಹೆಣ್ಣುಮಕ್ಕಳಿಗೆ ಮೊಬೈಲಿನಲ್ಲಿ ಸಂದೇಶ ಕಳಿಸುವ ಏರ್ಪಾಡು ಅದು. ಕಾಗದದ ಮೇಲೆ ಬಹಳ ಚೊಕ್ಕ. ಆದರೆ ಸಂದೇಶವು ಮಗನ ಮೊಬೈಲಿಗೆ ಹೋದರೆ, ಮಗ ದುಡಿಯಲಿಕ್ಕೆ ಕೊಲ್ಹಾಪುರಕ್ಕೆ ಹೋಗಿದ್ದರೆ? ಸಂದೇಶ ಬಾರದವರು, ಬಂದದ್ದು ತಿಳಿಯದವರು ಕೇಂದ್ರಗಳ ಮುಂದೆ ನೆರೆದರು. ಸಂದೇಶಕ್ಕೆ ಕಾಯದೆ ಬರಬಹುದೆಂದು ಕಟ್ಟನ್ನು ಸಡಿಲಿಸಬೇಕಾಯಿತು. ಉಪಾಯ ತಪ್ಪಾಗಿರಲಿಲ್ಲ. ಪಾಳಿಯ ಚೀಟಿಯು ಪಾಳಿಯಲ್ಲಿ ನಿಲ್ಲುವವರ ಕೈಗೇ ಮುಟ್ಟುವಂತೆ ನೋಡಿಕೊಳ್ಳಬೇಕಿತ್ತು. ಅಂಗನವಾಡಿಯ ಬಾಗಿಲಿಗೆ ಓಣಿವಾರು ದಿನಗಳ ಯಾದಿಯನ್ನು ಅಂಟಿಸಿದ್ದರೆ ಸಾಕಿತ್ತೆಂದು ನನ್ನ ಎಣಿಕೆ.

ಈ ವಿಷಯವನ್ನು ನಾನು ಕಾಲೇಜಿನ ಚರ್ಚಾಕೂಟದಲ್ಲಿ ಎತ್ತಿದಾಗ ನಮ್ಮ ಅಧ್ಯಾಪಕರೊಬ್ಬರು, ಒಂದು ತಿಂಗಳ ಅವಧಿ ಇದ್ದಾಗ ಕೊನೆಯ ದಿನದವರೆಗೆ ಕೂಡ್ರುವ ಆಲಸಿಗಳಿಗಾಗಿ ಸರಕಾರ ಏಕೆ ಖರ್ಚು ಮಾಡಬೇಕು ಎಂದು ಕೇಳಿದರು. ಗುರುಗಳ ಮಾತಿಗೆ ಎದುರಾಡುತ್ತೇನೆಂದು ಭಾವಿಸಬಾರದು. ಸೇವಾ ಕೇಂದ್ರದ ಮೇಜಿನ ಈಚೆಯಿಂದ ನಾನು ಕಂಡದ್ದು ಬೇರೆ. ಕೊನೆಯ ದಿನ ಬರುವವರಲ್ಲಿ ಆಲಸಿಗಳು ಇಲ್ಲವೆಂದಲ್ಲ. ಆದರೆ ಆದಾಯದ ಪ್ರಮಾಣಪತ್ರ ಕೈಗೆ ಬಂದದ್ದೇ ನಿನ್ನೆ ಎನ್ನುವವರು ಅವರಿಗಿಂತ ಹೆಚ್ಚು. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೆಂದು ಎರಡು ಸಲ ತಿರುಗಿದವರಿದ್ದಾರೆ. ತಂದೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರಿಂದ ಶಾಲೆಗೂ ತಹಶೀಲ್ದಾರ ಕಚೇರಿಗೂ ನಡೆದವರಿದ್ದಾರೆ. ಕಳೆದ ವರ್ಷ ನಮ್ಮ ತರಗತಿಯ ಒಬ್ಬ ಸಹಪಾಠಿಯು ಎಲ್ಲ ಕಾಗದಗಳನ್ನು ಕೂಡಿಸಿಕೊಂಡು ವಿದ್ಯಾರ್ಥಿವೇತನದ ಕೊನೆಯ ದಿನದ ಮುಂಜಾನೆ ಒಂಬತ್ತಕ್ಕೆ ನಮ್ಮ ಕೇಂದ್ರಕ್ಕೆ ಬಂದಳು. ರಾತ್ರಿ ಕೊನೆಯ ಬಸ್ಸಿನ ಹೊತ್ತಿನವರೆಗೂ ಆ ಪುಟ ತೆರೆಯಲಿಲ್ಲ. ತುಂಬಿದ್ದು ಅರ್ಧಕ್ಕೆ ಅಳಿಸಿಹೋಗಿ ಮತ್ತೆ ಮೊದಲಿನಿಂದ ತುಂಬುವದು ಐದು ಸಲವಾಯಿತು. ಮರುದಿನ ಪುಟ ಎಷ್ಟು ಚುರುಕಾಗಿ ತೆರೆಯಿತೆಂದರೆ, ‘ಅವಧಿ ಮುಗಿದಿದೆ’ ಎಂಬ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿತು. ಆಕೆ ಈ ವರ್ಷ ನಮ್ಮ ತರಗತಿಯಲ್ಲಿ ಇಲ್ಲ.

ಹೊರೆ ಹಂಚುವವನ ಲೆಕ್ಕದಲ್ಲಿ ಆಕೆ ಒಂದು ವಿನಂತಿ, ಅಷ್ಟೆ. ಬೆಂಗಳೂರಲ್ಲಿ ಮನೆಯಲ್ಲಿ ಕುಳಿತು ನಡುರಾತ್ರಿ ಪ್ರಯತ್ನಿಸಬಲ್ಲವನೂ ಒಂದು ವಿನಂತಿಯೇ. ಪಾಳಿ ಇಬ್ಬರಿಗೂ ಸಮ. ಕಾಯುವದರ ಬೆಲೆ ಮಾತ್ರ ಸಮವಲ್ಲ. ನಮ್ಮ ತಂದೆಯವರು ಕಬ್ಬಿನ ಟ್ರ್ಯಾಕ್ಟರಿನೊಂದಿಗೆ ಕಾರಖಾನೆಯ ಅಂಗಳದಲ್ಲಿ ಎರಡು ರಾತ್ರಿ ಕಾದದ್ದುಂಟು. ಚೀಟಿಯ ನಂಬರು ಸರಿಯಾಗಿಯೇ ನಡೆಯುತ್ತದೆ, ಅನ್ಯಾಯವೆನ್ನಲು ಬಾರದು. ಆದರೆ ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ಆ ಕಳೆದ ತೂಕ ಕಾಟಾದ ಚೀಟಿಯಲ್ಲಿ ಎಲ್ಲಿಯೂ ಕಾಣುವದಿಲ್ಲ. ಜಾಲತಾಣದ ಮುಂದೆ ಕಾಯುವವರ ಕಳೆದ ದಿನಗೂಲಿಯೂ ಬಸ್ಸಿನ ಖರ್ಚೂ ಹೀಗೆಯೇ ಯಾವ ಲೆಕ್ಕದಲ್ಲಿಯೂ ಏರುವದಿಲ್ಲ. ಯಂತ್ರಕ್ಕೆ ಇದನ್ನು ಎಣಿಸಲು ಬಾರದು, ಬರಬೇಕೆಂದು ನಾನೂ ಕೇಳುವದಿಲ್ಲ. ದಿನಾಂಕ ಗೊತ್ತುಪಡಿಸುವ ಅಧಿಕಾರಿಗೆ ಬರಬೇಕು.

ಹಾಗಾದರೆ ಆಗಬೇಕಾದದ್ದೇನು? ಹಣದ ಮಾತು ಮೊದಲು. ವರ್ಷದಲ್ಲಿ ನಾಲ್ಕು ದಿನದ ಗರ್ದಿಗಾಗಿ ನೂರು ಯಂತ್ರಗಳನ್ನು ಕೊಂಡು ಸಾಕಬೇಕೇ ಎಂಬ ಆಕ್ಷೇಪಕ್ಕೆ ಬಾಡಿಗೆಯ ಪದ್ಧತಿಯೇ ಉತ್ತರ. ಆ ನಾಲ್ಕು ದಿನ ತಂದು, ಐದನೆಯ ದಿನ ಬಿಟ್ಟರಾಯಿತು. ಹಣವಿಲ್ಲದೆಯೂ ಆಗುವ ಕೆಲಸ ಇನ್ನೂ ಹೆಚ್ಚಿವೆ. ರಾಜ್ಯಕ್ಕೆಲ್ಲ ಒಂದೇ ಕೊನೆಯ ದಿನವಿಡದೆ ಜಿಲ್ಲೆಗೊಂದು ದಿನವನ್ನು ಸರದಿಯಂತೆ ಇಡಬಹುದು. ತುಂಬಿದಷ್ಟು ಅರ್ಜಿ ತುಂಬಿದಲ್ಲಿಯೇ ಉಳಿಯುವಂತೆ ಮಾಡಬೇಕು. ಐದು ಸಲ ಮೊದಲಿನಿಂದ ತುಂಬುವದೆಂದರೆ ಗರ್ದಿಯನ್ನು ತಾವೇ ಐದು ಪಾಲು ಹೆಚ್ಚಿಸಿಕೊಂಡಂತೆ. ಬಾಗಿಲು ತುಂಬಿದಾಗ ‘ದೋಷ’ ಎಂಬ ಬರಿಯ ಶಬ್ದವನ್ನು ಮುಖಕ್ಕೆ ಎಸೆಯದೆ, ‘ನಿಮ್ಮ ನಂಬರು ಇಷ್ಟು, ಸುಮಾರು ಇಷ್ಟು ಹೊತ್ತಿಗೆ ಬನ್ನಿರಿ’ ಎಂದು ಕನ್ನಡದಲ್ಲಿ ಹೇಳಲಿ. ನಂಬರು ಸಿಕ್ಕವನು ಮತ್ತೆ ಮತ್ತೆ ಒತ್ತುವದಿಲ್ಲ. ಎಲ್ಲಕ್ಕೂ ಮುಖ್ಯವಾದದ್ದು, ಎಷ್ಟು ತಾಸು ಬಾಗಿಲು ಮುಚ್ಚಿತ್ತೋ ಅಷ್ಟು ತಾಸುಗಳನ್ನು ಕೊನೆಯ ದಿನಾಂಕಕ್ಕೆ ತಾನಾಗಿ ಕೂಡಿಸುವ ನಿಯಮ. ಇದಕ್ಕೆ ಯಾರೂ ಮನವಿ ಹಿಡಿದು ಬೆಳಗಾವಿಗೆ ಹೋಗುವ ಕಾರಣವಿರಬಾರದು. ಬಾಗಿಲು ಯಾವಾಗ ಮುಚ್ಚಿತು, ಎಷ್ಟು ಜನ ತಿರುಗಿ ಹೋದರು ಎಂಬದು ಹೊರೆ ಹಂಚುವವನ ದಿನಚರಿಯಲ್ಲಿ ಸೆಕೆಂಡು ಸೆಕೆಂಡಿಗೆ ದಾಖಲಾಗಿರುತ್ತದೆ. ಆ ದಿನಚರಿಯನ್ನು ಬಚ್ಚಿಡದೆ ಪ್ರಕಟಿಸಲಿ. ‘ಸರ್ವರ್ ಇಲ್ಲ’ ಎಂದು ನಾನು ಹೇಳಿದ್ದು ಸುಳ್ಳಲ್ಲವೆಂದು ಆಗ ಆ ಯಕ್ಕನಿಗೂ ತೋರಿಸಬಲ್ಲೆನು.

ಬೆಂಗಳೂರಿನವರು ಕೇಳುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಬರುವ ಪ್ರವೇಶದ ಕಾಲಕ್ಕೆ ನಮ್ಮ ಕಾಲೇಜಿನ ಕಚೇರಿಯು ವಿದ್ಯಾರ್ಥಿವೇತನದ ಅರ್ಜಿಗಳಿಗೆ ತನ್ನದೇ ಒಂದು ಒಳಗಿನ ಪಾಳಿಯನ್ನು ಹಚ್ಚಬಹುದು. ಸರಕಾರದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಊರುವಾರು ದಿನಗಳನ್ನು ಫಲಕಕ್ಕೆ ಹಚ್ಚಿ, ಗ್ರಂಥಾಲಯದ ಎರಡು ಗಣಕಗಳನ್ನು ಮುಂಜಾನೆಯ ಒಂದು ತಾಸು ಅದಕ್ಕೇ ಬಿಟ್ಟರೆ ಸಾಕು. ದೂರದ ಊರುಗಳಿಗೆ ಮೊದಲ ದಿನಗಳು, ಮೂಡಲಗಿಯೊಳಗಿನವರಿಗೆ ಕೊನೆಯ ದಿನಗಳು. ಅರ್ಜಿ ತುಂಬಲು ಕೂಡ್ರುವದಕ್ಕೆ ನಾನೂ ನನ್ನ ಇಬ್ಬರು ಗೆಳೆಯರೂ ಸಿದ್ಧರಿದ್ದೇವೆ. ಪ್ರಾಚಾರ್ಯರಿಗೆ ಬರೆದ ವಿನಂತಿ ಪತ್ರವನ್ನು ಈ ಲೇಖನದ ಜೊತೆಯಲ್ಲಿಯೇ ಕಚೇರಿಗೆ ಕೊಟ್ಟಿದ್ದೇನೆ.